ಇಪ್ಪತ್ತು ವ್ಯಾಟ್

ಸಿದ್ದಾಪುರದಿಂದ ಚೆಟ್ಟಳ್ಳಿಗೆ ಹೋಗುವ ದಾರಿ.
ರಾತ್ರಿ ಎಂಟೂವರೆ.
ನಮ್ಮ ಜೀಪು ಏನನ್ನೂ ಯೋಚಿಸುತ್ತಿರಲಿಲ್ಲ.

ಯೋಚಿಸದಿರುವುದನ್ನು ಅದಕ್ಕೆ ಕಲಿಸಲು
ನನಗೆ ಮೂರು ವರ್ಷ ಹಿಡಿದಿತ್ತು.

ಹಳೆಯ ಪೆಟ್ಟಿಗೆಯದು ದುಂದಿನ ಬದುಕು. ಸೆಕೆಂಡಿಗೆ ಮೂವತ್ತು ಸಲ
ಲೋಕವನ್ನು ಪೂರ್ತಿ ಗುಡಿಸಿ ತಂದು ರಾಶಿ ಹಾಕುತ್ತಿತ್ತು:
ಅದೇ ಬೇಲಿ, ಅದೇ ಬೇಲಿ, ಅದೇ ಸಿಲ್ವರ್ ಓಕು,
ಓಕನ್ನು ತಬ್ಬಿದ ಅದೇ ಮೆಣಸಿನ ಬಳ್ಳಿ.
ಅಷ್ಟಕ್ಕೇ ಮೈ ಕಾದು, ಫ್ಯಾನಿಗೆ ಉಬ್ಬಸ ಹತ್ತಿ,
ಬರೀ ನೋಡುವುದಕ್ಕೇ ಬ್ಯಾಟರಿಯ ಕಾಲು ಪಾಲು ಖರ್ಚು.
ಅಭ್ಯತ್‌ಮಂಗಲದ ಏರಿನಲ್ಲಿ
ತೋಟದ ಆಳುಗಳನ್ನು ಇಳಿಸಿ ತಳ್ಳಿಸಿದ್ದೂ ಉಂಟು.
ಅಂದಿನಿಂದ ಹಿಂದಿನ ಸೀಟಿಗೆ ಮರಳಿನ ಮೂಟೆ.

ಹೊಸದರ ಜಾಯಮಾನವೇ ಬೇರೆ.
ಬದಲಾದರೆ ಮಾತ್ರ ಮಿಡಿಯುತ್ತದೆ.
ಒಂದು ಚುಕ್ಕೆ ಕಪ್ಪಿನಿಂದ ಬೆಳಕಿಗೆ ಹೊರಳಿತೋ, ಟಿಕ್.
ಉಗುರಿನಗಲದ ಚಿಪ್ಪಿನೊಳಗೆ
ಒಂದೊಂದು ನರವೂ ಒಂದಿಷ್ಟು ತುಂಬಿಕೊಂಡು,
ಇನ್ನಿಷ್ಟು ತುಂಬಿಕೊಂಡು,
ತಡೆಯಲಾರದಾದಾಗ ಒಂದೇ ಮಾತು.
ಆಡದೆ ಉಳಿದದ್ದು ಮೆಲ್ಲಗೆ ಸೋರಿಹೋಗುತ್ತದೆ.

‘ನಮ್ಮ ಉಮ್ಮನೂ ಹಾಗೇ,’ ಎಂದ ಮೊಯ್ದು,
‘ಸೋರುವುದೊಂದು ಬಿಟ್ಟು.’

ಮೊಯ್ದು ಈ ದಾರಿಯಲ್ಲಿ ಇಪ್ಪತ್ತಾರು ವರ್ಷದ ಡ್ರೈವರು,
ನಮ್ಮ ಪ್ರಯೋಗಕ್ಕೆ ಅವನ ತಲೆಯೇ ಅಳತೆಗೋಲು.
ಮಿದುಳು ಓಡುವುದು ಇಪ್ಪತ್ತು ವ್ಯಾಟಿನಲ್ಲಿ ಎಂದದ್ದಕ್ಕೆ
‘ಲೈನ್‌ಮನೆ ಜಗಲಿಯ ಬಲ್ಬಿಗಿಂತ ಕಮ್ಮಿಯಾ?’
ಎಂದು ಅರ್ಧ ದಿನ ಮುಖ ಊದಿಸಿಕೊಂಡಿದ್ದ.
ಎರಡು ಪತ್ತಿರಿ, ಒಂದು ಕಟ್ಟನ್ ಚಾಯ.
ಅಷ್ಟರಲ್ಲೇ ಅವನು ಗೇರು ಬದಲಿಸುತ್ತಾನೆ,
ಮಗಳ ಹಾಸ್ಟೆಲ್ ಫೀಸಿನ ಲೆಕ್ಕ ಹಾಕುತ್ತಾನೆ,
ಎದುರು ಬಂದ ಲಾರಿಯವನನ್ನು ಹೆಸರು ಹಿಡಿದು ಬೈಯುತ್ತಾನೆ.

ತಿರುವಿನಲ್ಲಿ ಬ್ರೇಕು ತುಳಿದ.

ಓಡುತ್ತಿದ್ದಷ್ಟು ಹೊತ್ತು ಪರದೆಯ ತುಂಬ ಕಿಡಿ:
ಕಾಂಡಗಳ ಅಂಚು, ತಂತಿ, ಎಲೆಯ ಎಲ್ಲೆ.
ನಿಂತೆವು. ಎಲ್ಲ ಆರಿತು.
ಕದಲದ ಲೋಕ ಅದಕ್ಕೆ ಇಲ್ಲ.
ನಾನು ಬರೆದ ಸೂತ್ರವೇ. ‘ದಾರಿ ಖಾಲಿ,’ ಎಂದೆ,
ಹೋಗು ಎಂಬ ಗುಂಡಿಯ ಮೇಲೆ ಬೆರಳಿಟ್ಟು.

ಮೊಯ್ದು ನನ್ನ ಮಣಿಕಟ್ಟು ಹಿಡಿದ.
‘ಜೀರುಂಡೆ ನಿಂತಿತಲ್ಲ.’

ನಿಲ್ಲುವುದೂ ಒಂದು ಬದಲಾವಣೆ.
ಅದು ನನ್ನ ಸೂತ್ರದಲ್ಲಿ ಇರಲಿಲ್ಲ.
ಆಮೇಲೆ ಮೂಗಿಗೂ ಬಂತು:
ಯಾರೋ ತುಳಿದು ಒಡೆದ ಹಲಸು.

ಕಪ್ಪು ಪರದೆಯ ಎಡಮೂಲೆಯಲ್ಲಿ
ಮೊರದಗಲದ ಒಂದು ಬಾಗು, ಹಿಡಿ ಕಿಡಿ. ಅಳಿಯಿತು.
ಮತ್ತೆ ಮೂಡಿತು. ಕಿವಿ.
ಸ್ವಲ್ಪ ದೂರದಲ್ಲಿ, ಯಾವುದಕ್ಕೂ ಸೇರದ ಹಾಗೆ,
ಬಾಲದ ಕುಚ್ಚು.
ನಡುವಿನ ಆನೆ ಇನ್ನೂ ಆಗಿರಲಿಲ್ಲ.

ಅದು ನಿಂತಿತ್ತು, ನಾವೂ ನಿಂತಿದ್ದೆವು.
ಹನ್ನೊಂದು ನಿಮಿಷ.
ಮರುದಿನ ಪೊನ್ನಂಪೇಟೆಯ ಲ್ಯಾಬಿನಲ್ಲಿ ಲಾಗು ತೆರೆದರೆ
ಆ ಹನ್ನೊಂದು ನಿಮಿಷ ಹೆಚ್ಚುಕಮ್ಮಿ ನಡೆದೇ ಇಲ್ಲ;
ಖರ್ಚು ಸೊನ್ನೆಯ ಹತ್ತಿರ, ಜೀವಮಾನದ ದಾಖಲೆ.
ದುಂದು ಮಾಡಿದವಳು ನಾನೊಬ್ಬಳೇ,
ಎದೆಯಲ್ಲಿ.

ನಮ್ಮ ಕಣ್ಣೂ ಹೀಗೆಯೇ ಅಂತೆ.
ಒಂದೇ ಕಡೆ ನೆಟ್ಟರೆ ಗೋಡೆಯೂ ಕರಗಿಹೋದೀತು;
ಅದಕ್ಕೇ ಅದು ತನಗೇ ತಿಳಿಯದಂತೆ
ಸದಾ ಚೂರು ನಡುಗುತ್ತಿರುತ್ತದೆ.
ನಡುಗಿ ನಡುಗಿ ನಿಂತದ್ದನ್ನು ನಿಲ್ಲಿಸಿಕೊಳ್ಳುತ್ತದೆ.
ಜೀಪಿನ ಕಣ್ಣಿಗೂ ಅಷ್ಟು ನಡುಕ ಕೊಡಬೇಕು
ಎಂದು ಮೊಯ್ದುವಿಗೆ ವಿವರಿಸಿದೆ.

‘ಹೆದರಿಕೆ ಹಾಕಬೇಕು ಅನ್ನಿ,’ ಎಂದ.

ಎಷ್ಟು ವ್ಯಾಟ್ ಬೇಕೋ ಅದಕ್ಕೆ,
ಎರಡು ಪತ್ತಿರಿಯಲ್ಲಿ ಆಗುತ್ತದೋ ಇಲ್ಲವೋ.
ಸದ್ಯಕ್ಕೆ ಸೀಮೆಎಣ್ಣೆ ಬಟ್ಟೆ ಹಿಡಿದು
ಟಯರಿಗೆ ಮೆತ್ತಿದ ಹಲಸಿನ ಮೇಣ ಉಜ್ಜುತ್ತಿದ್ದೇನೆ.
ಬಿಡುತ್ತಿಲ್ಲ.